ತರಕಾರಿಯ ತಕರಾರು ಮೊದಲು ತಿಳಿಯಿರಿ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ಬಿಟ್ಟು ನಾವು ಉಡುಪಿಗೆ ಬಂದದ್ದು 2012ರ ಜೂನ್‌ನಲ್ಲಿ. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಕುಂಜಿಬೆಟ್ಟಿನ ಬಾಡಿಗೆ ಮನೆಯಲ್ಲಿ ಪಾತ್ರೆಗಳು ಇನ್ನೂ ಗೋಣಿಚೀಲದಲ್ಲೇ ಇದ್ದವು. ಸಂಜೆ ಕೊಡೆ ಹಿಡಿದು ತರಕಾರಿಗೆ ಹೋದೆ. ಈರುಳ್ಳಿ, ಟೊಮೆಟೊ, ಬೆಂಡೆ ಕಂಡವು. ಉಳಿದದ್ದರಲ್ಲಿ ಅರ್ಧಕ್ಕರ್ಧ ನಾನು ನೋಡಿಯೇ ಇರದವು. ಮೈತುಂಬ ಮೆತ್ತನೆಯ ಮುಳ್ಳಿರುವ ಪುಟ್ಟ ಹಸಿರು ಕಾಯಿ, ಬಾಳೆಯ ಬಿಳಿ ತಿರುಳು, ಹಗ್ಗದಂತೆ ಸುತ್ತಿಟ್ಟ ದಪ್ಪ ದಂಟಿನ ಬಳ್ಳಿ, ಆನೆಯ ಕಿವಿಯಂಥ ಎಲೆಗಳ ಕಟ್ಟು.

ಎಲೆಯ ಕಟ್ಟನ್ನು ಕೊಂಡೆ. ನಮ್ಮ ಕಡೆ ಸೊಪ್ಪು ಎಂದರೆ ಬಸ್ಸಾರು. ತೊಗರಿಬೇಳೆಯ ಜೊತೆ ಬೇಯಿಸಿ, ಬಸಿದು, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಮುದ್ದೆಯ ಜೊತೆ ಬಡಿಸಿದೆ. ಎರಡನೆಯ ತುತ್ತಿಗೆ ನಾಲಿಗೆ ಚುರುಗುಟ್ಟಿತು. ನಾಲ್ಕನೆಯದಕ್ಕೆ ಗಂಟಲಿನ ಉದ್ದಕ್ಕೂ ಸಣ್ಣ ಸೂಜಿಗಳು ಚುಚ್ಚಿದಂತಾಯಿತು. ಆರು ವರ್ಷದ ಮಗ ಅಳುತ್ತ ಗಂಟಲು ತೋರಿಸಿದ. ಮಜ್ಜಿಗೆ ಕುಡಿಸಿ, ಬೆಲ್ಲ ಚೀಪಿಸಿ, ರಾತ್ರಿಯಿಡೀ ಅವನ ಪಕ್ಕದಲ್ಲಿ ಕೂತಿದ್ದೆ.

ಬೆಳಿಗ್ಗೆ ಮನೆಯ ಯಜಮಾನಿಗೆ ವಿಷಯ ತಿಳಿಯಿತು. ಅವರನ್ನು ನಾವು ದೊಡ್ಡಮ್ಮ ಎಂದೇ ಕರೆಯುತ್ತೇವೆ. ಅಂಗಳದಿಂದಲೇ ಕೇಳಿದರು: “ಕೆಸುವಿಗೆ ಹುಳಿ ಹಾಕಲಿಲ್ಲವಾ ಮಾರಾಯ್ತಿ? ಗೊತ್ತಿಲ್ಲದ ತರಕಾರಿ ತರುವಾಗ ಅದರ ತಕರಾರು ಎಂತದು ಎಂದು ಕೇಳಿಕೊಂಡು ತರಬೇಕು.”

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಅವರ ಆ ಒಂದು ಮಾತು ನನಗೆ ಹತ್ತು ಅಡುಗೆ ಪುಸ್ತಕಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಕೆಲಸಕ್ಕೋ ಓದಿಗೋ ಕರಾವಳಿಗೆ ಬಂದು, ಮಾರುಕಟ್ಟೆಯಲ್ಲಿ ಬರೀ ಆಲೂಗಡ್ಡೆ ಕೊಂಡು ಹಿಂತಿರುಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿಯೇ ಹುಟ್ಟಿದ್ದರೂ ಗುಜ್ಜೆಗೆ, ಎಂದರೆ ಎಳೆ ಹಲಸಿನಕಾಯಿಗೆ, ಕೈ ಹಚ್ಚಲು ಹಿಂಜರಿಯುವ ಹುಡುಗ ಹುಡುಗಿಯರಿಗೂ ಇದು ಉಪಯೋಗವಾಗಬಹುದು.

ತಕರಾರು ಎಂದರೆ ಏನು? ಕೆಸು, ಸುವರ್ಣಗಡ್ಡೆಗಳಿಗೆ ತುರಿಕೆ. ಗುಜ್ಜೆಗೆ ಮೇಣ. ಬಾಳೆಯ ಹೂವಿಗೆ ಒಗರು, ದಿಂಡಿಗೆ ನಾರು, ಬಸಳೆಗೆ ಲೋಳೆ. ಕಣಿಲೆಗೆ, ಎಂದರೆ ಎಳೆಬಿದಿರಿಗೆ, ಇರುವುದು ಎಲ್ಲಕ್ಕಿಂತ ದೊಡ್ಡ ತಕರಾರು, ಅದನ್ನು ಬೇರೆಯಾಗಿ ಹೇಳುತ್ತೇನೆ. ಇಲ್ಲಿಯ ಅಡುಗೆಗಳನ್ನು ಸ್ವಲ್ಪ ಬಿಡಿಸಿ ನೋಡಿದರೆ, ಪ್ರತಿಯೊಂದೂ ಆ ತರಕಾರಿಯ ತಕರಾರಿಗೆ ಯಾರೋ ಹಿರಿಯರು ಕಂಡುಕೊಂಡ ಪರಿಹಾರ ಎಂದು ತಿಳಿಯುತ್ತದೆ. ಕೆಸುವಿನ ಎಲೆಯ ಪತ್ರೊಡೆಗೆ ಹುಣಸೆ ಬರೀ ರುಚಿಗೆಂದು ಬಂದದ್ದಲ್ಲ. ದಿಂಡಿನ ಪಕ್ಕದಲ್ಲಿ ಮಜ್ಜಿಗೆಯ ಪಾತ್ರೆ ಇರುವುದಕ್ಕೂ ಕಾರಣವಿದೆ. ಕಾರಣ ಗೊತ್ತಾದರೆ ಅಳತೆ ತಪ್ಪಿದರೂ ಅಡುಗೆ ಕೆಡುವುದಿಲ್ಲ.

ಬುಟ್ಟಿಯ ಮುಂದೆ ಕೇಳಬೇಕಾದದ್ದು

ಉಡುಪಿಯ ರಥಬೀದಿಯ ಸುತ್ತಮುತ್ತ, ಆದಿಉಡುಪಿಯ ಸಂತೆಯಲ್ಲಿ, ಮಂಗಳೂರಿನ ಕಂಕನಾಡಿ ಮತ್ತು ಉರ್ವದ ಮಾರುಕಟ್ಟೆಗಳಲ್ಲಿ ಮನೆಯ ಹಿತ್ತಿಲಲ್ಲಿ ಬೆಳೆದದ್ದನ್ನು ತಂದು ಮಾರುವ ಹೆಂಗಸರು ಇರುತ್ತಾರೆ. ದೊಡ್ಡ ಅಂಗಡಿಗಿಂತ ಅವರ ಬುಟ್ಟಿಯ ಮುಂದೆ ನಿಲ್ಲಿ. ಜನ ಕಡಿಮೆ ಇರುವ ಹೊತ್ತಿಗೆ ಹೋಗಿ, “ಅಕ್ಕಾ, ಇದರ ಹೆಸರೇನು?” ಎಂದು ಆರಂಭಿಸಿ. ಹೆಸರನ್ನು ಬರೆದುಕೊಳ್ಳಿ, ಏಕೆಂದರೆ ಇಲ್ಲಿ ಒಂದೇ ತರಕಾರಿಗೆ ಮೂರು ಹೆಸರು. ತೊಂಡೆಕಾಯಿ ತುಳುವಿನಲ್ಲಿ ಮನೋಳಿ, ಒಂದೆಲಗ ತಿಮರೆ, ಸುವರ್ಣಗಡ್ಡೆ ಕೇನೆ, ಕೆಸು ತೇವು. ಕಣಿಲೆಗೆ ಕೊಂಕಣಿಯವರು ಕಿರ್ಲು ಎನ್ನುತ್ತಾರೆ. ನಾನು ಮೊದಲ ಆರು ತಿಂಗಳು ತಿಮರೆ ಬೇರೆ, ಒಂದೆಲಗ ಬೇರೆ ಎಂದೇ ತಿಳಿದಿದ್ದೆ.

ಆಮೇಲೆ ಮೂರು ಪ್ರಶ್ನೆ. ತುರಿಸುತ್ತದೆಯೇ? ಯಾವ ಭಾಗವನ್ನು ಬಿಸಾಡಬೇಕು? ಇವತ್ತು ನಿಮ್ಮ ಮನೆಯಲ್ಲಿ ಇದರಿಂದ ಏನು ಮಾಡುತ್ತೀರಿ? ಮೂರನೆಯದನ್ನು ಹೀಗೆಯೇ ಕೇಳಿ. “ಇದರಿಂದ ಏನು ಮಾಡಬಹುದು” ಎಂದರೆ “ಪಲ್ಯ, ಸಾಂಬಾರು, ಎಲ್ಲ ಆಗುತ್ತದೆ” ಎಂಬ ಉತ್ತರ ಬರುತ್ತದೆ. “ನಿಮ್ಮ ಮನೆಯಲ್ಲಿ” ಎಂದರೆ ಆಕೆ ಕೈಯಲ್ಲಿದ್ದ ಕೆಲಸ ಬಿಟ್ಟು, ಎಷ್ಟು ಮೆಣಸು, ಎಷ್ಟು ಕಾಯಿ, ಯಾವುದು ಮೊದಲು ಎಂದು ಹೇಳತೊಡಗುತ್ತಾರೆ. ನನ್ನ ನೋಟುಪುಸ್ತಕದಲ್ಲಿರುವ ಒಳ್ಳೆಯ ಅಡುಗೆಗಳೆಲ್ಲ ಹೀಗೆ ಬಂದವು.

ಮೊದಲ ಸಲ ಕಾಲು ಕಿಲೋಗಿಂತ ಹೆಚ್ಚು ತರಬೇಡಿ. ಮನೆಯಲ್ಲಿ ಒಂದು ಸಣ್ಣ ತುಂಡನ್ನು ಉಪ್ಪುನೀರಿನಲ್ಲಿ ಚೆನ್ನಾಗಿ ಬೇಯಿಸಿ ಬಾಯಿಗಿಟ್ಟು ನೋಡಿ. ಮಸಾಲೆ ಇಲ್ಲದೆ ಅದರ ಸ್ವಂತ ರುಚಿ ಏನು, ಎಷ್ಟು ಹೊತ್ತಿಗೆ ಬೇಯುತ್ತದೆ, ನೀರು ಬಿಡುತ್ತದೆಯೋ ಕುಡಿಯುತ್ತದೆಯೋ ಎಂಬುದು ಆ ಒಂದು ತುಂಡಿನಲ್ಲಿ ಗೊತ್ತಾಗುತ್ತದೆ. ಗಡ್ಡೆಗಳನ್ನು ಮತ್ತು ಕೆಸುವಿನ ಯಾವ ಭಾಗವನ್ನೂ ಹಸಿಯಾಗಿ ಮಾತ್ರ ನಾಲಿಗೆಗೆ ತಾಗಿಸಬೇಡಿ. ಕಣಿಲೆಯನ್ನು ಮುಂದೆ ಹೇಳುವಂತೆ ನೆನೆಸಿ ಕುದಿಸದೆ ಹೀಗೆ ನೋಡಬೇಡಿ.

ಮೊದಲ ಸಲವೇ ಪೋಡಿ ಮಾಡಲು ಹೊರಡಬೇಡಿ ಎಂಬುದು ನನ್ನ ಇನ್ನೊಂದು ಅಭಿಪ್ರಾಯ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಯಾವುದೂ ರುಚಿಯೇ. ಆದರೆ ತರಕಾರಿಯ ಪರಿಚಯ ಆಗುವುದಿಲ್ಲ. ಪಲ್ಯದಲ್ಲಿ ಅದು ಬಚ್ಚಿಟ್ಟುಕೊಳ್ಳಲಾರದು.

ಕೆಸು: ತುರಿಕೆಗೆ ಹುಳಿ ಮತ್ತು ಹಬೆ

ನನ್ನ ಮಗನ ಗಂಟಲಿಗೆ ಚುಚ್ಚಿದ್ದು ನಿಜವಾಗಿಯೂ ಸೂಜಿಗಳೇ. ಕೆಸುವಿನ ಎಲೆ, ದಂಟು, ಗಡ್ಡೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಾಕಾರದ ಹರಳುಗಳು ಕಟ್ಟುಕಟ್ಟಾಗಿ ಇರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು. ಜಗಿದಾಗ ಅವು ಬಾಯಿ, ಗಂಟಲಿನ ಮೃದು ಚರ್ಮಕ್ಕೆ ನಾಟುತ್ತವೆ. ಸುವರ್ಣಗಡ್ಡೆಯ ತುರಿಕೆಗೂ ಇದೇ ಕಾರಣ. ಇದಕ್ಕೆ ಕರಾವಳಿಯ ಅಡುಗೆಮನೆ ಕೊಡುವ ಉತ್ತರ ಎರಡು: ಧಾರಾಳವಾಗಿ ಹುಣಸೆಹುಳಿ, ಮತ್ತು ಬೆಂದಿತು ಎನಿಸಿದ ಮೇಲೂ ಇನ್ನಷ್ಟು ಹೊತ್ತು ಬೇಯಿಸುವ ತಾಳ್ಮೆ. ನಾನು ಮೊದಲ ದಿನ ಎರಡನ್ನೂ ಬಿಟ್ಟಿದ್ದೆ.

ಪತ್ರೊಡೆಯನ್ನು ದೊಡ್ಡಮ್ಮನ ಜೊತೆ ಕೂತು ಕಲಿತೆ. ಆಟಿ ತಿಂಗಳಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಎಲೆ ಎಳೆಯದಾಗಿ ಸಿಗುತ್ತದೆ. ದಂಟು ಕಪ್ಪಾಗಿರುವ ಕರಿಕೆಸು ಒಳ್ಳೆಯದು. ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕಿದರೆ ಬಿಡಬೇಡಿ. ಅದರ ತುರಿಕೆ ಕಡಿಮೆ, ಎಲೆ ತೆಳ್ಳಗೆ.

ಹನ್ನೆರಡು ಹದಿನೈದು ಎಲೆಗೆ ಎರಡು ಲೋಟ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿಯನ್ನು ಮೂರು ನಾಲ್ಕು ಗಂಟೆ ನೆನೆಸಿ. ಹತ್ತು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆಯನ್ನು ಹುರಿದುಕೊಳ್ಳಿ. ಒಂದು ಲೋಟ ಕಾಯಿತುರಿ, ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆ, ಅಷ್ಟೇ ಬೆಲ್ಲ, ಅರಿಸಿನ, ಇಂಗು, ಉಪ್ಪು ಸೇರಿಸಿ ಮೊದಲು ಮಸಾಲೆಯನ್ನು ನುಣ್ಣಗೆ ಅರೆದು, ಆಮೇಲೆ ಅಕ್ಕಿ ಹಾಕಿ ಸಣ್ಣ ರವೆಯ ಹದಕ್ಕೆ ನಿಲ್ಲಿಸಿ. ಇಲ್ಲಿಯವರು ಅರೆಯುವುದಕ್ಕೆ ಕಡೆಯುವುದು ಎನ್ನುತ್ತಾರೆ. ಹಿಟ್ಟು ಕೈಯಿಂದ ಬಳಿಯುವಷ್ಟು ಗಟ್ಟಿಯಾಗಿರಬೇಕು. ನೀರಾದರೆ ಸುರುಳಿಯಿಂದ ಸೋರುತ್ತದೆ. ಹಿಟ್ಟನ್ನು ನಾಲಿಗೆಗೆ ಹಚ್ಚಿ ನೋಡಿದಾಗ ಹುಳಿ ಸ್ವಲ್ಪ ಹೆಚ್ಚಾಯಿತಲ್ಲ ಎನಿಸಬೇಕು. ಬೆಂದ ಮೇಲೆ ಅದೇ ಸರಿಯಾದ ಅಳತೆ.

ಎಲೆಯ ಹಿಂಬದಿಯ ದಪ್ಪ ನರಗಳನ್ನು ಚಾಕುವಿನಿಂದ ಹೆರೆದು ತೆಗೆಯಿರಿ. ಕೈಗೆ ಮೊದಲೇ ತೆಂಗಿನೆಣ್ಣೆ ಹಚ್ಚಿಕೊಂಡಿರಿ, ಒದ್ದೆ ಕೈ ಬೇಡ. ಎಲ್ಲಕ್ಕಿಂತ ದೊಡ್ಡ ಎಲೆಯನ್ನು ಹಿಂಬದಿ ಮೇಲಾಗಿ ಹಾಸಿ, ತೆಳ್ಳಗೆ ಹಿಟ್ಟು ಬಳಿಯಿರಿ. ಅದರ ಮೇಲೆ ಇನ್ನೊಂದು ಎಲೆ, ತುದಿ ಎದುರು ದಿಕ್ಕಿಗೆ. ಹೀಗೆ ಐದಾರು ಎಲೆಗಳಾದ ಮೇಲೆ ಎರಡೂ ಬದಿ ಮಡಚಿ, ಮಡಿಕೆಗೂ ಹಿಟ್ಟು ಸವರಿ, ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ. ಇಡ್ಲಿ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಹಬೆ ಬೇಕು. ಸುರುಳಿ ದಪ್ಪವಿದ್ದರೆ ಒಂದು ಗಂಟೆ. ನಡುವೆ ನೀರು ಆರದಂತೆ ನೋಡಿಕೊಳ್ಳಿ. ಪೂರ್ತಿ ತಣಿದ ಮೇಲೆಯೇ ಬಿಲ್ಲೆಗಳಾಗಿ ಕತ್ತರಿಸಿ. ಬಿಸಿಯಲ್ಲಿ ಕತ್ತರಿಸಿದರೆ ಪುಡಿಯಾಗುತ್ತದೆ. ಹಾಗೆಯೇ ತೆಂಗಿನೆಣ್ಣೆ ಹಾಕಿಕೊಂಡು ತಿನ್ನಬಹುದು. ನನಗೆ ಮರುದಿನ ಕಾವಲಿಯ ಮೇಲೆ ಎರಡೂ ಬದಿ ಕೆಂಪಗೆ ಕಾಯಿಸಿದ್ದು ಹೆಚ್ಚು ಇಷ್ಟ.

ಸುವರ್ಣಗಡ್ಡೆಗೂ ಇದೇ ನಿಯಮ. ಮಣ್ಣು ತೊಳೆದು ಪೂರ್ತಿ ಒಣಗಿಸಿ, ಕೈಗೆ ಎಣ್ಣೆ ಸವರಿಕೊಂಡು ದಪ್ಪವಾಗಿ ಸಿಪ್ಪೆ ತೆಗೆದು, ಹೋಳುಗಳನ್ನು ಹುಣಸೆನೀರಿನಲ್ಲಿ ಬೇಯಿಸಿ. ಪಲ್ಯವೋ ಹುಳಿಯೋ ಆಮೇಲೆ ನಿಮ್ಮಿಷ್ಟ.

ಗುಜ್ಜೆ: ಎಣ್ಣೆಯ ಕೈ, ಮಜ್ಜಿಗೆಯ ನೀರು

ಹಲಸು ಎಂದರೆ ಹಣ್ಣು ಎಂದಷ್ಟೇ ತಿಳಿದಿದ್ದ ನನಗೆ ಅದರ ಎಳೆಕಾಯಿಯನ್ನು ಪಲ್ಯ ಮಾಡುತ್ತಾರೆಂಬುದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗುಜ್ಜೆಯ ಕಾಲ. ಒಳಗೆ ಬೀಜ ಇನ್ನೂ ಗಟ್ಟಿಯಾಗಿರಬಾರದು. ಕತ್ತರಿಸಿದಾಗ ಚಾಕು ಎಲ್ಲಿಯೂ ತಡೆಯದೆ ಹೋದರೆ ಪಲ್ಯಕ್ಕೆ ಹೇಳಿ ಮಾಡಿಸಿದ ಗುಜ್ಜೆ.

ಇದರ ತಕರಾರು ಮೇಣ. ಕೈಗೆ, ಕತ್ತಿಗೆ, ಪಾತ್ರೆಗೆ, ಒಮ್ಮೆ ಅಂಟಿತೆಂದರೆ ಸಾಬೂನಿಗೂ ನೀರಿಗೂ ಜಗ್ಗುವುದಿಲ್ಲ. ಎಣ್ಣೆಗೆ ಮಾತ್ರ ಬಿಡುತ್ತದೆ. ಆದ್ದರಿಂದ ಆರಂಭಿಸುವ ಮೊದಲೇ ಎರಡೂ ಕೈಗೆ ಮೊಣಕೈವರೆಗೆ, ಕತ್ತಿಯ ಅಲಗಿಗೆ ತೆಂಗಿನೆಣ್ಣೆ ಸವರಿ. ನೆಲಕ್ಕೆ ಹಳೆಯ ಪೇಪರು ಹಾಸಿ. ನಮ್ಮ ಈಳಿಗೆಮಣೆಗೆ ಇಲ್ಲಿ ಮೆಟ್ಟುಕತ್ತಿ ಎನ್ನುತ್ತಾರೆ. ಕಾಲಿನಿಂದ ಮೆಟ್ಟಿ ಹಿಡಿದು ಎರಡೂ ಕೈಯಲ್ಲಿ ಕಾಯಿಯನ್ನು ಅಲಗಿಗೆ ಒತ್ತುವುದರಿಂದ, ಗುಜ್ಜೆಯಂಥ ದೊಡ್ಡ ಕಾಯಿಗೆ ಚಾಕುವಿಗಿಂತ ಅದೇ ಸುರಕ್ಷಿತ. ಮೊದಲು ಅಡ್ಡಲಾಗಿ ಬಳೆಗಳಂತೆ ಕತ್ತರಿಸಿ. ಕತ್ತರಿಸಿದ ಜಾಗದಲ್ಲಿ ಹಾಲಿನಂತೆ ಉಕ್ಕುವ ಮೇಣವನ್ನು ಪೇಪರಿನ ಉಂಡೆಯಿಂದಲೋ ತೆಂಗಿನ ನಾರಿನಿಂದಲೋ ಒರೆಸುತ್ತಿರಿ. ಬಳಿಕ ಮುಳ್ಳಿನ ಸಿಪ್ಪೆ ತೆಗೆದು, ನಡುವಿನ ಗಟ್ಟಿ ಗೂಂಜನ್ನೂ ತೆಗೆದು ತುಂಡು ಮಾಡಿ.

ತುಂಡುಗಳು ನೇರವಾಗಿ ಮಜ್ಜಿಗೆ ಬೆರೆಸಿದ ನೀರಿಗೆ ಬೀಳಬೇಕು. ಕತ್ತರಿಸಿದ ಗುಜ್ಜೆ, ಬಾಳೆಕಾಯಿ, ದಿಂಡು, ಬದನೆ ಎಲ್ಲವೂ ಗಾಳಿ ತಾಗಿದೊಡನೆ ಕಪ್ಪಾಗುತ್ತವೆ. ಅವುಗಳಲ್ಲಿರುವ ಒಂದು ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ಮಾಡುವ ಕೆಲಸ ಅದು. ನೀರು ಗಾಳಿಯನ್ನು ತಡೆಯುತ್ತದೆ, ಮಜ್ಜಿಗೆಯ ಹುಳಿ ಕಿಣ್ವವನ್ನು ಮಂದಗೊಳಿಸುತ್ತದೆ. ಎಂಟನೆಯ ತರಗತಿಯ ಮಕ್ಕಳಿಗೆ ನಾನು ಇದನ್ನು ಬಾಳೆಕಾಯಿಯ ಎರಡು ತುಂಡುಗಳನ್ನು ಮೇಜಿನ ಮೇಲಿಟ್ಟು ತೋರಿಸುತ್ತೇನೆ. ಒಂದು ಮಜ್ಜಿಗೆಯಲ್ಲಿ, ಒಂದು ಹೊರಗೆ. ಪಾಠ ಮುಗಿಯುವಷ್ಟರಲ್ಲಿ ವ್ಯತ್ಯಾಸ ಕೊನೆಯ ಬೆಂಚಿಗೂ ಕಾಣುತ್ತದೆ.

ಗುಜ್ಜೆಯನ್ನು ಅರಿಸಿನ, ಉಪ್ಪು, ಸ್ವಲ್ಪವೇ ನೀರು ಹಾಕಿ ಕುಕ್ಕರಿನಲ್ಲಿ ಒಂದು ಸೀಟಿ, ಬಲಿತಿದ್ದರೆ ಎರಡು. ಬಸಿದು, ಲೋಟದ ತಳದಿಂದ ಮೆಲ್ಲಗೆ ಜಜ್ಜಿದರೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಸರಳ ಪಲ್ಯಕ್ಕೆ ಕಾಯಿತುರಿ, ನಾಲ್ಕು ಕೆಂಪು ಮೆಣಸು, ಅರ್ಧ ಚಮಚ ಸಾಸಿವೆಯನ್ನು ನೀರಿಲ್ಲದೆ ಒಮ್ಮೆ ತಿರುಗಿಸಿ ಸೇರಿಸಿದರೆ ಸಾಕು.

ಆದರೆ ಗುಜ್ಜೆಯ ನಿಜವಾದ ಸೊಗಸು ಕಡಲೆಯ ಜೊತೆಗಿನ ಸುಕ್ಕದಲ್ಲಿ. ಮೂರು ಲೋಟ ಗುಜ್ಜೆಗೆ ಅರ್ಧ ಲೋಟ ಕರಿಕಡಲೆಯನ್ನು ರಾತ್ರಿ ನೆನೆಸಿ ಬೇರೆಯಾಗಿ ಬೇಯಿಸಿಕೊಳ್ಳಿ. ಆರು ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಹತ್ತು ಹನ್ನೆರಡು ಕಾಳು ಮೆಂತೆಯನ್ನು ತೆಂಗಿನೆಣ್ಣೆಯಲ್ಲಿ ಹುರಿದು, ನಾಲ್ಕು ಎಸಳು ಬೆಳ್ಳುಳ್ಳಿ, ಸ್ವಲ್ಪ ಹುಣಸೆ, ಅರಿಸಿನದ ಜೊತೆ ಅರೆಯಿರಿ. ಕೊನೆಯಲ್ಲಿ ಒಂದೂವರೆ ಲೋಟ ಕಾಯಿತುರಿ ಹಾಕಿ ಒಂದೇ ಸುತ್ತು ತಿರುಗಿಸಿ. ಕಾಯಿ ನುಣ್ಣಗಾದರೆ ಅದು ಗಟ್ಟಿ ಸಾರಿನಂಥ ಗಸಿಯಾಗುತ್ತದೆ, ನೀರು ಆರಿದ ಸುಕ್ಕವಲ್ಲ. ಗುಜ್ಜೆ, ಕಡಲೆ, ಮಸಾಲೆ ಕೂಡಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ನೀರು ಆರುವವರೆಗೆ ಇಡಿ. ಸಾಸಿವೆ, ಕರಿಬೇವಿನ ಒಗ್ಗರಣೆ. ಹೊಸದುರ್ಗದಿಂದ ಬಂದ ನನ್ನ ಅಣ್ಣ ಮೊದಲ ಸಲ ತಿಂದಾಗ ಇದರಲ್ಲಿ ಮಾಂಸ ಇಲ್ಲವೆಂದು ನಂಬಲಿಲ್ಲ. ಪಾತ್ರೆಯ ಮುಚ್ಚಳ ತೆಗೆದು ತೋರಿಸಬೇಕಾಯಿತು.

ಗುಜ್ಜೆಯ ಹೆಸರನ್ನೇ ಹೊತ್ತ ಜೀಗುಜ್ಜೆ ಬೇರೆ ಮರದ ಕಾಯಿ. ಹಲಸಿನ ಹತ್ತಿರದ ಸಂಬಂಧಿ, ಶಾಂತಸಾಗರದ ದ್ವೀಪಗಳ ಕಡೆಯದು. ಬೇರುಹಲಸು ಎಂದೂ ಕರೆಯುತ್ತಾರೆ. ಒಳಗೆ ತೊಳೆಯಿಲ್ಲ, ಬೀಜವಿಲ್ಲ, ಬೆಂದರೆ ಆಲೂಗಡ್ಡೆಗೂ ಬ್ರೆಡ್ಡಿಗೂ ನಡುವಿನ ಮೃದುತನ. ಪೋಡಿ ಮೊದಲು ಬೇಡ ಎಂದೆನಲ್ಲ, ಇದಕ್ಕೆ ಮಾತ್ರ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಗಟ್ಟಿಯಾದ ಹಸಿರು ಕಾಯಿಯನ್ನು ಸಿಪ್ಪೆ, ನಡುವಿನ ತಿರುಳು ತೆಗೆದು ತೆಳ್ಳಗೆ ಹೆಚ್ಚಿ, ಮೆಣಸಿನಪುಡಿ, ಇಂಗು, ಉಪ್ಪು ಸವರಿ ಹತ್ತು ನಿಮಿಷ ಬಿಡಿ. ಕಡಲೆಹಿಟ್ಟಿಗೆ ಎರಡು ಚಮಚ ಅಕ್ಕಿಹಿಟ್ಟು ಸೇರಿಸಿ ಕಲಸಿ, ಅದ್ದಿ ಕರಿಯಿರಿ. ಒತ್ತಿದಾಗ ಮೆತ್ತಗಾಗುವ ಕಾಯಿ ಬೇಡ. ಅದು ಹಣ್ಣಾಗತೊಡಗಿ ಸಿಹಿ ಬಂದಿರುತ್ತದೆ, ಎಣ್ಣೆಯನ್ನೂ ಹೀರುತ್ತದೆ.

ನಾರು, ಒಗರು, ಲೋಳೆ

ಬಾಳೆದಿಂಡನ್ನು ಹೊರಗಿನ ಪದರಗಳೆಲ್ಲ ಬಿಡಿಸಿ, ಬಿಳಿಯ ನಯವಾದ ಒಳತಿರುಳು ಸಿಗುವವರೆಗೆ ಸುಲಿಯಿರಿ. ತೆಳ್ಳನೆಯ ಬಿಲ್ಲೆ ಕತ್ತರಿಸಿದಾಗ ಬಿಲ್ಲೆಗೂ ದಿಂಡಿಗೂ ನಡುವೆ ಜೇಡರ ನೂಲಿನಂಥ ನಾರು ಎಳೆದು ನಿಲ್ಲುತ್ತದೆ. ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತ ಹೋಗಿ. ಪ್ರತಿ ಬಿಲ್ಲೆಗೂ ಒಂದು ಸುತ್ತು. ಕೊನೆಗೆ ಬೆರಳಿನಲ್ಲಿ ದಪ್ಪ ಉಂಗುರವಾಗುತ್ತದೆ. ಬಿಲ್ಲೆಗಳನ್ನು ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕಿ. ಎಳೆಯ ದಿಂಡಾದರೆ ಬೇಯಿಸುವುದೂ ಬೇಡ. ಕಾಯಿತುರಿ, ಒಂದು ಹಸಿಮೆಣಸು, ಕಾಲು ಚಮಚ ಹಸಿ ಸಾಸಿವೆ ಅರೆದು, ಮೊಸರಿನ ಜೊತೆ ಕಲಸಿದರೆ ದಿಂಡಿನ ಸಾಸಿವೆ. ಏಪ್ರಿಲ್‌ನ ಸೆಕೆಗೆ ಇದಕ್ಕಿಂತ ತಂಪಾದ ಊಟ ನನಗೆ ಗೊತ್ತಿಲ್ಲ.

ಬಾಳೆಯ ಹೂವಿಗೆ ಇಲ್ಲಿ ಪೂಂಬೆ ಎನ್ನುತ್ತಾರೆ. ಕೆಂಪು ಪದರಗಳನ್ನು ಒಂದೊಂದಾಗಿ ತೆಗೆದಾಗ ಸಿಗುವ ಹೂಗಳಲ್ಲಿ ಪ್ರತಿಯೊಂದರಿಂದಲೂ ತಲೆ ಉಬ್ಬಿದ ಗಟ್ಟಿ ಕಡ್ಡಿಯನ್ನೂ, ಬುಡದ ಪಾರದರ್ಶಕ ಸಿಪ್ಪೆಯನ್ನೂ ಕೀಳಬೇಕು. ಅವು ಎಷ್ಟು ಬೇಯಿಸಿದರೂ ಬೇಯುವುದಿಲ್ಲ. ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಮಾತನಾಡಲು ಯಾರಾದರೂ ಜೊತೆಗಿದ್ದಾಗ ಮಾಡಿ. ಹೊತ್ತಿಲ್ಲದಿದ್ದರೆ ಹೂಗಳನ್ನು ಬಿಟ್ಟು ಒಳಗಿನ ಬಿಳಿಯ ಮೊಗ್ಗನ್ನು ಮಾತ್ರ ಬಳಸಿ. ಸಣ್ಣಗೆ ಹೆಚ್ಚಿ, ಉಪ್ಪು ಬೆರೆತ ಮಜ್ಜಿಗೆಯಲ್ಲಿ ಅರ್ಧ ಗಂಟೆ ಇಟ್ಟು ಹಿಂಡಿದರೆ ಒಗರಿನ ಬಹುಪಾಲು ಹೋಗುತ್ತದೆ. ಉಳಿದ ಒಗರಿಗೆ ಪಲ್ಯದಲ್ಲಿ ಚೂರು ಬೆಲ್ಲ.

ಬಸಳೆಯನ್ನು ಮೊದಲ ಸಲ ಮಾಡಿದಾಗ ಅದು ಗಂಜಿಯಂತೆ ಎಳೆ ಬಂದದ್ದಕ್ಕೆ ನಾನು ಗಾಬರಿಯಾಗಿದ್ದೆ. ಆಮೇಲೆ ಯೋಚಿಸಿದರೆ ಬೆಂಡೆಕಾಯಿಯದೂ ಇದೇ ಲೋಳೆಯಲ್ಲವೇ? ಬೆಂಡೆಗೆ ನಮ್ಮ ಅಮ್ಮ ಹುಣಸೆಹಣ್ಣು ಹಾಕುತ್ತಿದ್ದುದು ನೆನಪಾಯಿತು. ಬಸಳೆಗೂ ಅದೇ ಮದ್ದು. ದಂಟನ್ನು ಎರಡು ಅಂಗುಲದ ತುಂಡುಗಳಾಗಿ ಮೊದಲು ಬೇಯಿಸಿ. ಅರ್ಧ ಬೆಂದ ಮೇಲೆ ಎಲೆಗಳನ್ನು ಕೈಯಿಂದ ದೊಡ್ಡದಾಗಿ ಹರಿದು ಹಾಕಿ. ಸಣ್ಣಗೆ ಹೆಚ್ಚಿದಷ್ಟೂ, ಸೌಟಿನಿಂದ ತಿರುವಿದಷ್ಟೂ ಲೋಳೆ ಹೆಚ್ಚು. ಹುಣಸೆ ಸೇರಿದ ಕಾಯಿಮಸಾಲೆ ಹಾಕಿ ಕುದಿಸಿ, ಕೊನೆಗೆ ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವಂತೆ ಒಗ್ಗರಣೆ ಕೊಡಿ. ಜಜ್ಜಿ ಬೇಯಿಸಿದ ಹಲಸಿನ ಬೀಜ ಸೇರಿಸಿದರೆ ಇನ್ನೂ ಚೆನ್ನ. ಬಿಸಿ ಕುಚ್ಚಲಕ್ಕಿ ಅನ್ನಕ್ಕೆ ಇದು ಹೊಂದುವಂತೆ ಬೇರೆ ಯಾವುದೂ ಹೊಂದದು. ಮುದ್ದೆಗೂ ಹೊಂದುತ್ತದೆ, ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಹಾಗೆಯೇ.

ಮೊದಲ ದಿನ ಕಂಡ ಮುಳ್ಳುಮುಳ್ಳಿನ ಪುಟ್ಟ ಕಾಯಿ ಮಾಡಹಾಗಲ. ಹೆಸರಿನಲ್ಲಿ ಹಾಗಲ ಇದ್ದರೂ ಆ ಕಹಿ ಇಲ್ಲ, ಏನೂ ತಕರಾರಿಲ್ಲದ ಕಾಯಿ. ಹಸಿರಾಗಿರುವುದನ್ನೇ ಆರಿಸಿ. ಒಳಗೆ ಕೆಂಪಾಗಿದ್ದರೆ ಬೀಜ ಕಲ್ಲಿನಂತಿರುತ್ತದೆ. ಬಿಲ್ಲೆ ಮಾಡಿ, ಮೆಣಸಿನಪುಡಿ, ಹುಣಸೆರಸ, ಉಪ್ಪು ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಕಾಯಿಸಿ. ಮಳೆಗಾಲದ ಕೆಲವೇ ವಾರ ಸಿಗುತ್ತದೆ, ಬೆಲೆಯೂ ಹೆಚ್ಚು. ಚೌತಿ ಹತ್ತಿರ ಬಂದರೆ ಇನ್ನೂ ಹೆಚ್ಚು.

ಕಣಿಲೆ: ಇಲ್ಲಿ ಅವಸರ ಕೂಡದು

ಎಳೆಬಿದಿರಾದ ಕಣಿಲೆಯ ತಕರಾರು ರುಚಿಯದಲ್ಲ, ವಿಷದ್ದು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತಗಳಿವೆ. ಅದನ್ನು ಹಾಗೆಯೇ ಬಾಣಲೆಗೆ ಹಾಕುವಂತಿಲ್ಲ. ಗಟ್ಟಿ ಹೊರಪದರಗಳನ್ನು ತೆಗೆದು, ಒಳಗಿನ ಎಳೆಭಾಗವನ್ನು ತೆಳ್ಳನೆಯ ಬಿಲ್ಲೆ ಮಾಡಿ, ತುಂಬ ನೀರಿನಲ್ಲಿ ಮುಳುಗಿಸಿ ಮೂರು ದಿನ ಇಡಿ. ದಿನವೂ ನೀರು ಚೆಲ್ಲಿ ಹೊಸ ನೀರು ಹಾಕಿ. ಆಮೇಲೆ ಪಾತ್ರೆಗೆ ಮುಚ್ಚಳ ಹಾಕದೆ ಚೆನ್ನಾಗಿ ಕುದಿಸಿ, ಆ ನೀರನ್ನೂ ಚೆಲ್ಲಿ. ಬಿಲ್ಲೆ ತೆಳ್ಳಗಿದ್ದಷ್ಟೂ ವಿಷ ನೀರಿಗೆ ಬಿಡುವುದು ಸುಲಭ. ಮಾರುಕಟ್ಟೆಯಲ್ಲಿ ನೀರಿನಲ್ಲಿಟ್ಟ ಬಿಲ್ಲೆಗಳು ಸಿಗುತ್ತವೆ. ಎಷ್ಟು ದಿನದಿಂದ ನೆನೆದಿವೆ ಎಂದು ಕೇಳಿ, ಉತ್ತರ ಖಚಿತವಿಲ್ಲದಿದ್ದರೆ ಮನೆಯಲ್ಲಿ ಮತ್ತೆ ಮೂರು ದಿನ ನೆನೆಸಿ. ಮೊಳಕೆ ಬಂದ ಹೆಸರುಕಾಳಿನ ಜೊತೆ ಇದರ ಗಸಿ ಮಾಡುತ್ತಾರೆ. ಅದರ ವಾಸನೆ ನನ್ನ ಮಗನಿಗೆ ಇಂದಿಗೂ ಒಗ್ಗಿಲ್ಲ. ನಾನು ಒತ್ತಾಯ ಮಾಡುವುದಿಲ್ಲ. ಮೂರು ಸಲ ಬೇರೆ ಬೇರೆ ರೀತಿಯಲ್ಲಿ ಮಾಡಿ ಕೊಟ್ಟ ಮೇಲೂ ಬೇಡವೆಂದರೆ ಬೇಡ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಮಳೆಗಾಲದಲ್ಲಿ ರಸ್ತೆ ಬದಿಯಲ್ಲಿ ಹತ್ತಾರು ಬಗೆಯ ಸೊಪ್ಪು, ಅಣಬೆ ಹುಟ್ಟುತ್ತವೆ. ಆಟಿಯಲ್ಲಿ ಇಲ್ಲಿಯವರು ತಜಂಕು ಎಂಬ ಕಾಡುಸೊಪ್ಪಿನ ಎಳೆ ಚಿಗುರು ಕೊಯ್ದು ಪಲ್ಯ ಮಾಡುವುದನ್ನು ನೋಡಿ ನೀವೂ ಕೊಯ್ಯಲು ಹೊರಡಬೇಡಿ. ಎಲೆಯನ್ನು ಹುಟ್ಟಿನಿಂದ ಬಲ್ಲ ಹಿರಿಯರೊಬ್ಬರು ಜೊತೆಗಿರಬೇಕು. ಅಣಬೆಯ ವಿಷಯದಲ್ಲಂತೂ ಚಿತ್ರ ನೋಡಿ ಹೋಲಿಸುವುದು ಅಪಾಯ. ಅಲರ್ಜಿ ಇರುವವರು, ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಕೆಸುವಿನಂಥ ಆಕ್ಸಲೇಟ್ ಹೆಚ್ಚಿರುವ ಸೊಪ್ಪುಗಳನ್ನು ವೈದ್ಯರನ್ನು ಕೇಳಿಯೇ ತಿನ್ನಿ.

ಪರಿಚಿತ ಎನಿಸುವ ಅಪರಿಚಿತ

ಬದನೆ ನಮಗೆ ಹೊಸದೇ? ಹಾಗೆಂದುಕೊಂಡೇ ನನ್ನ ಅಮ್ಮ ಒಮ್ಮೆ ಇಲ್ಲಿಗೆ ಬಂದಾಗ ಮಟ್ಟುಗುಳ್ಳದಿಂದ ಎಣ್ಣೆಗಾಯಿ ಮಾಡಲು ಕೂತರು. ಕಟಪಾಡಿಯ ಬಳಿಯ ಮಟ್ಟು ಗ್ರಾಮದ ಈ ಗುಳ್ಳ ದುಂಡಗೆ, ತಿಳಿಹಸಿರು, ತೊಟ್ಟಿನಲ್ಲಿ ಮುಳ್ಳು. ಸೋದೆ ಮಠದ ವಾದಿರಾಜರು ಕೊಟ್ಟ ಬೀಜದಿಂದ ಬಂದದ್ದೆಂದು ಊರಿನವರು ನಂಬುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಸಿಪ್ಪೆ ಬಹಳ ತೆಳ್ಳಗೆ, ತಿರುಳು ಮೃದು. ನಮ್ಮ ಕಡೆಯ ಬದನೆಯ ಲೆಕ್ಕದಲ್ಲಿ ಅಮ್ಮ ಉರಿಯ ಮೇಲೆ ಬಿಟ್ಟರು, ಮುಚ್ಚಳ ತೆಗೆಯುವಷ್ಟರಲ್ಲಿ ಮಸಾಲೆಯೂ ಗುಳ್ಳವೂ ಒಂದಾಗಿದ್ದವು. ರುಚಿಗೇನೂ ಕೊರತೆಯಿರಲಿಲ್ಲ, ಅಮ್ಮನಿಗೆ ಬೇಸರವಾಯಿತು. ಮರುದಿನ ಇಲ್ಲಿಯ ರೀತಿಯಲ್ಲಿ ಬೋಳು ಹುಳಿ ಮಾಡಿದೆವು. ದೊಡ್ಡ ಹೋಳು, ಹುಣಸೆ, ಬೆಲ್ಲ, ಹಸಿಮೆಣಸು, ಕಾಯಿ ಅರೆಯುವುದೇ ಇಲ್ಲ, ಕೊನೆಗೆ ಬೆಳ್ಳುಳ್ಳಿಯ ಒಗ್ಗರಣೆ. ಹೋಳುಗಳನ್ನು ಹುಳಿನೀರು ಕುದಿ ಬಂದ ಮೇಲೆಯೇ ಹಾಕಿ, ಆರೇಳು ನಿಮಿಷಕ್ಕೆ ಇಳಿಸಿ. ಹೆಸರು ಗೊತ್ತಿರುವ ತರಕಾರಿಯಾದರೂ ಬೇರೆ ಊರಿನದಾದರೆ ಒಂದು ತುಂಡು ಬೇಯಿಸಿ ನೋಡುವ ಅಭ್ಯಾಸ ಆವತ್ತಿನಿಂದ ನನ್ನಲ್ಲಿ ಗಟ್ಟಿಯಾಯಿತು.

ಎಲ್ಲಿಂದ ಆರಂಭಿಸುವುದು ಎಂದು ಕೇಳಿದರೆ, ಮಳೆಗಾಲವಾದರೆ ಬಸಳೆ, ಬೇಸಿಗೆಯಾದರೆ ದಿಂಡು. ಎರಡೂ ಅಗ್ಗ, ಎರಡರಲ್ಲೂ ತಪ್ಪಿದರೆ ನಷ್ಟವಿಲ್ಲ. ಗುಜ್ಜೆ ಎರಡನೆಯದು, ಅದೂ ಮನೆಯಲ್ಲಿ ಇನ್ನೊಬ್ಬರು ಇರುವ ಭಾನುವಾರ. ಕೆಸುವನ್ನು ಮೂರನೆಯದಕ್ಕೆ ಇಡಿ. ಹೊಸದೊಂದು ಮಾಡಿದ ದಿನ ಪಕ್ಕದಲ್ಲಿ ಮನೆಯವರಿಗೆ ಒಗ್ಗಿದ ಸಾರೋ ಮೊಸರೋ ಇರಲಿ, ಆಗ ಯಾರೂ ಹಸಿದು ಏಳುವುದಿಲ್ಲ.

ಬಸಳೆ ತಂದ ದಿನ ಬಲಿತ ದಂಟಿನ ಬುಡವನ್ನು ಎಸೆಯಬೇಡಿ. ಒಂದು ಗೇಣು ಉದ್ದದ ತುಂಡನ್ನು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಕುಂಡದಲ್ಲಿ ನೆಟ್ಟು ನೀರು ಹಾಕಿ. ಎರಡು ವಾರದಲ್ಲಿ ಚಿಗುರುತ್ತದೆ. ಹಬ್ಬಲು ಒಂದು ಹಗ್ಗ ಕಟ್ಟಿಕೊಡಿ. ನಮ್ಮ ಅಂಗಳದ ಚಪ್ಪರದಲ್ಲಿ ಈಗ ಇರುವುದು ದೊಡ್ಡಮ್ಮ ಕೊಟ್ಟ ಅಂಥದೇ ಒಂದು ತುಂಡಿನಿಂದ ಬಂದ ಬಳ್ಳಿ. ಹೋದ ದಸರೆ ರಜೆಯಲ್ಲಿ ಅದರ ನಾಲ್ಕು ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಹೊಸದುರ್ಗಕ್ಕೆ ಒಯ್ದೆ. ಮೂರು ಬದುಕಿವೆ ಎಂದು ಅಣ್ಣ ಫೋನು ಮಾಡಿದ್ದ.